ಹೊಳೆಮ್ಮನ ಎಡೆ

ಹೊಸಪೇಟೆ
ತಾ. 24ನೇ ಸೆಪ್ಟೆಂಬರ್ 1923

ಪ್ರೀತಿಯ ತಂಗಿ ಜಂಬಕ್ಕನಿಗೆ ಅಕ್ಕ ಹೊಳೆಮ್ಮ ಮಾಡುವ ಆಶೀರ್ವಾದ.

ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬದುಕಿದ್ದೇನೆ ಎಂದು ಬರೆಯುತ್ತೇನೆ. ನಿಮ್ಮ ಮನೆಯ ಮಟ್ಟಿಗೆ ಅದೇ ದೊಡ್ಡ ಸುದ್ದಿ.

ಓಬಳೇಶಪ್ಪನವರೇ, ಈ ಕಾಗದವನ್ನು ನೀವೇ ನನ್ನ ತಂಗಿಗೆ ಓದಿ ಹೇಳಬೇಕು. ಖಾರದ ಮಾತು ಬಂದಲ್ಲಿ ಕೆಮ್ಮಿ ಮುಂದಿನ ಸಾಲಿಗೆ ಹಾರಬೇಡಿ. ನೀವು ಒಳ್ಳೆಯವರು, ಒಳ್ಳೆಯವರಿಗೆ ಆ ಚಟ ಇರುತ್ತದೆ.

ಜಂಬಿ, ಸಂತೆಗೆಂದು ಬಂದ ನಿನ್ನ ಗಂಡ ಓಬಳೇಶಪ್ಪ ನಮ್ಮ ಮಿಶನ್ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು, ನೆಲ ನೋಡುತ್ತ, ಎಲ್ಲ ಹೇಳಿದರು. ಅವ್ವ ಹಾಸಿಗೆ ಹಿಡಿದಿದ್ದಾಳೆ. ತುತ್ತು ಬಾಯಿಯ ಹತ್ತಿರ ಒಯ್ದರೆ ಮೂಲೆಯ ಕಡೆ ನೋಡಿ, "ಹೊಳಿ ಬಂದು ನಿಂತಾಳ. ಆಕಿ ಉಂಡಿಲ್ಲ, ನಾ ಹೆಂಗ ಉಣ್ಲಿ?" ಎನ್ನುತ್ತಾಳೆ. ಮೈಮೇಲೆ ದೇವಿ ಬರುವ ಎರ್ರೆಮ್ಮನನ್ನು ಕರೆಸಿ ಕೇಳಿದಿರಿ. ಪ್ಲೇಗಿನಲ್ಲಿ ಸತ್ತ ದೊಡ್ಡ ಮಗಳು ಹಸಿದುಕೊಂಡು ತಾಯಿಯ ಎದೆಯ ಮೇಲೆ ಕೂತಿದ್ದಾಳೆ, ಮಾರ್ನಮಿ ಅಮಾವಾಸ್ಯೆಯ ದಿನ ಎಲ್ಲರೂ ಹಿರಿಯರಿಗೆ ಎಡೆ ಇಡುವಾಗ ಹೆತ್ತವಳೇ ಅವಳ ಮಣ್ಣಿನ ಹತ್ತಿರ ಎಡೆ ಇಡಬೇಕು, ಸತ್ತವಳು ಬಂದು ಉಂಡು ಹೋದರೆ ಬಿಡುಗಡೆ ಎಂದಳು. ಈ ಎರ್ರೆಮ್ಮ ಹೋದ ಬೇಸಗೆಯಲ್ಲಿ ಕಣ್ಣುಬೇನೆ ಎಂದು ನಮ್ಮ ಆಸ್ಪತ್ರೆಗೆ ಬಂದಿದ್ದಳು. ರೆಪ್ಪೆ ಬಿಡಿಸಿ ಔಷಧಿ ಹಾಕಿದವಳು ನಾನೇ. ಆ ದಿನ ನಾನು ಸತ್ತಿರಲಿಲ್ಲ ಎಂದು ಕಾಣುತ್ತದೆ.

ಅಣ್ಣ ಉಜ್ಜಿನಪ್ಪನಿಗೂ ನಾನು ಬದುಕಿರುವುದು ಗೊತ್ತು. ಸಂತೆಯಲ್ಲಿ ಎದುರಾದಾಗೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಅಂಥವನು ಈಗ ಉಪಾಯ ಹೂಡಿದ್ದಾನೆ. ನಾನು ಅಮಾವಾಸ್ಯೆಯ ಮಧ್ಯಾಹ್ನ ನಮ್ಮೂರು ಮೆಟ್ರಿಯ ಹೊಲಕ್ಕೆ ಬರಬೇಕಂತೆ. ಬಿಳಿ ಸೀರೆಯಲ್ಲೇ ಬರಬೇಕಂತೆ. ಮನೆಯ ಕಡೆ ಕಾಲಿಡಬಾರದು, ಬಾಯಿ ಬಿಡಬಾರದು, ಅವ್ವಾ ಎಂದು ಕರೆಯಬಾರದು. ಎಡೆ ಉಂಡು ಸುಮ್ಮನೆ ಹೊರಟುಹೋಗಬೇಕು. ಅವ್ವನ ಮನಸ್ಸು ಹಗುರಾಗುತ್ತದೆ ಎನ್ನುತ್ತಾನೆ.

ಬರುವುದಿಲ್ಲ, ಜಂಬಿ. ಯಾಕೆ ಎಂದು ಹೇಳುತ್ತೇನೆ. ನಿನಗೆ ಯಾರೂ ಸರಿಯಾಗಿ ಹೇಳಿರಲಾರರು; ಆಗ ನಿನಗಿನ್ನೂ ಮೊಲೆ ಬಿಡಿಸಿರಲಿಲ್ಲ.

ಊರಲ್ಲಿ ಇಲಿ ಬೀಳತೊಡಗಿದಾಗ ಎಲ್ಲರೂ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ನನಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಎದ್ದಿತು. ಅಪ್ಪ ಹೊಲದ ಆ ತುದಿಯಲ್ಲಿ, ಬದುವಿನ ಪಕ್ಕ, ನನಗೆ ಬೇರೆ ಗುಡಿಸಲು ಕಟ್ಟಿ, ಕೊಡದಲ್ಲಿ ನೀರಿಟ್ಟು, ನಾಯಿ ನುಗ್ಗದ ಹಾಗೆ ಬಾಗಿಲಿಗೆ ಜೋಳದ ದಂಟಿನ ತಟ್ಟಿ ಬಿಗಿದ. ಅದಕ್ಕೆ ನನಗೆ ಸಿಟ್ಟಿಲ್ಲ. ನಿನ್ನನ್ನೂ ಅಣ್ಣನನ್ನೂ ಉಳಿಸಿಕೊಳ್ಳಬೇಕಾಗಿತ್ತು. ದಿನಾ ಬೆಳಿಗ್ಗೆ ಅಪ್ಪ ದೂರದಿಂದ "ಹೊಳೀ" ಎಂದು ಕೂಗುತ್ತಿದ್ದ. ನಾನು ಓಗೊಡುತ್ತಿದ್ದೆ. ಒಂದು ಬೆಳಿಗ್ಗೆ ಅವನ ಕೂಗು ಕೇಳಿಸಿತು, ನನ್ನ ನಾಲಿಗೆ ಏಳಲಿಲ್ಲ. ಅವನು ಅಲ್ಲೇ ಕೂತು ಅತ್ತದ್ದೂ ಕೇಳಿಸಿತು. ನಾನು ಸತ್ತ ಸುದ್ದಿಯನ್ನು ಮೊದಲು ಕೇಳಿದವಳು ನಾನೇ.

ಅದೇ ದಿನ ಮಿಶನ್ನಿನವರ ಬಂಡಿ ಆ ದಾರಿಯಲ್ಲಿ ಬಂತು. ಅದರಲ್ಲಿದ್ದ ವಿರುಪಮ್ಮ ಎಂಬ ಹೆಂಗಸು ನರಳಾಟ ಕೇಳಿ ತಟ್ಟಿ ಕಿತ್ತು, ನನ್ನನ್ನು ಎತ್ತಿ ಬಂಡಿಯಲ್ಲಿ ಹಾಕಿಕೊಂಡು ಹೊಸಪೇಟೆಗೆ ತಂದಳು. ಮರುದಿನ ಮಣ್ಣು ಮಾಡಲು ಬಂದ ಅಪ್ಪನಿಗೆ ಕಂಡದ್ದು ಖಾಲಿ ಗುಡಿಸಲು. ತೋಳ ಎಳೆದುಕೊಂಡು ಹೋಯಿತು ಎಂದುಕೊಂಡರು. ಹೆಣ ಸಿಗದವರಿಗೆ ಮಾಡುವ ಹಾಗೆ ಜೋಳದ ಹಿಟ್ಟಿನಲ್ಲಿ ಒಂದು ಗೊಂಬೆ ಮಾಡಿ, ನನ್ನ ಸೀರೆ ಸುತ್ತಿ ಬದುವಿನಲ್ಲಿ ಹೂತರು. ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲುತುಪ್ಪ ಬಿಟ್ಟರು. ಇಲ್ಲಿಯ ತನಕ ಯಾರನ್ನೂ ದೂರುವ ಹಾಗಿಲ್ಲ.

ಜ್ವರ ಇಳಿದು ಕಾಲಿಗೆ ಬಲ ಬಂದ ಮೇಲೆ ನಾನು ಹಟ ಹಿಡಿದು ಊರಿಗೆ ಹೊರಟೆ. ತಲೆ ಬೋಳಿಸಿದ್ದರು, ಮೈಮೇಲೆ ಆಸ್ಪತ್ರೆಯ ಬಿಳಿ ಸೀರೆ. ಮಲಪನಗುಡಿಯ ಬಾವಿಯಲ್ಲಿ ನೀರು ಕುಡಿಯಲು ಮೆಟ್ಟಿಲು ಇಳಿದೆ. ಕೊಡ ತುಂಬುತ್ತಿದ್ದ ಹೆಂಗಸು ನನ್ನನ್ನು ನೋಡಿ ಕೊಡ ಬಿಟ್ಟು ಓಡಿದಳು. ಯಾರನ್ನು ಕಂಡು ಓಡಿದಳೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಆಮೇಲೆ ನೀರಿನಲ್ಲಿ ನೋಡಿದೆ.

ಮೆಟ್ರಿ ಮುಟ್ಟಿದಾಗ ಸುಡು ಮಧ್ಯಾಹ್ನ. ಅಷ್ಟರಲ್ಲಿ ನೀವೆಲ್ಲ ಊರೊಳಕ್ಕೆ ಮರಳಿದ್ದಿರಿ. ಅವ್ವ ಕಟ್ಟೆಯ ಮೇಲೆ ಕೂತು ಕಾಳು ಕೇರುತ್ತಿದ್ದಳು, ನೀನು ಪಕ್ಕದಲ್ಲಿ ಮಣ್ಣಾಡುತ್ತಿದ್ದೆ. "ಅವ್ವಾ, ಹಸಿವಾಗೇತಿ. ಒಂದೀಟು ಅಂಬಲಿ ಕೊಡು" ಎಂದೆ. ಅವ್ವ ಮೊರ ಕೆಳಗಿಟ್ಟಳು. ನಿನ್ನನ್ನು ಹಿಂದಕ್ಕೆ ಎಳೆದುಕೊಂಡಳು. ಕಸಬರಿಗೆ ಎತ್ತಿ ನನ್ನ ಮುಂದೆ ಹಿಡಿದು, ಗಾಳಿ ಬಿಡಿಸುವವರು ಹೇಳುವ ಹಾಗೆ ಹೇಳಿದಳು: "ನಿನ್ನ ಪಾಲಿಂದು ನಿನಗ ಮುಟ್ಟೇತಿ. ಹೋಗವ್ವ, ಹೋಗು."

ಅಪ್ಪ ಬಂದ, ಊರು ನೆರೆಯಿತು. ಮಣ್ಣು ಕೊಟ್ಟವಳನ್ನು ಒಳಗೆ ಕರೆದರೆ ಮತ್ತೆ ಇಲಿ ಬೀಳುತ್ತವೆ, ನಿಮ್ಮ ಮನೆಗೆ ಬೆಂಕಿ ನೀರು ಕೊಡುವುದಿಲ್ಲ ಎಂದು ಹಿರಿಯರು ಹೇಳಿದರು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. "ನಮ್ಮ ಮಗಳಿಗೆ ನಾವು ಮಣ್ಣು ಕೊಟ್ಟೀವಿ. ಈಕಿ ಯಾರೋ ಏನೋ" ಎಂದ. ಅಪ್ಪನಿಗೆ ನಾನು ಯಾರೆಂದು ಗೊತ್ತಿತ್ತು. ಅವನ ದನಿ ಹೇಳುತ್ತಿತ್ತು. ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ಅದು ಮಾತ್ರ ನನಗೆ ಈವರೆಗೂ ತಿಳಿದಿಲ್ಲ. ಅವಳು ಮತ್ತೆ ನನ್ನ ಕಡೆ ನೋಡಲಿಲ್ಲ.

ಹೊಸಪೇಟೆಗೆ ಮರಳಿದ ಮೇಲೆ ನಾನು ನಿಜಕ್ಕೂ ದೆವ್ವವಾದೆ. ನಗಬೇಡ. ಎದ್ದಕೂಡಲೇ ಪಾದ ಹಿಂದುಮುಂದಾಗಿವೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಬಿಸಿಲಿಗೆ ಹೋಗಿ ನೆರಳು ಬೀಳುತ್ತದೆಯೇ ಎಂದು ನೋಡುತ್ತಿದ್ದೆ. ಸತ್ತವಳಿಗೆ ಅನ್ನ ಯಾಕೆ ಎಂದು ಉಣ್ಣುವುದನ್ನು ಬಿಟ್ಟೆ. ಒಂದು ದಿನ ವಿರುಪಮ್ಮ ನನ್ನನ್ನು ತನ್ನ ಒಲೆಯ ಮುಂದೆ ಕೂರಿಸಿಕೊಂಡು ಒಂದು ಕಥೆ ಹೇಳಿದಳು. ಜನರ ಕೈಯಲ್ಲಿ ಸತ್ತ ಯೇಸುಸ್ವಾಮಿ ಮೂರನೆಯ ದಿನ ಎದ್ದು, ತನ್ನವರು ಅಂಜಿಕೊಂಡು ಬಾಗಿಲು ಹಾಕಿ ಕೂತಿದ್ದ ಮನೆಗೇ ಬಂದನಂತೆ. ಜೊತೆಗೆ ಉಂಡು ಮಲಗಿದವರೇ ದೆವ್ವ ಎಂದು ನಡುಗಿದರಂತೆ. ಅವನು ಬೈಯಲಿಲ್ಲವಂತೆ. ಕೈಕಾಲು ತೋರಿಸಿದನಂತೆ, ಮುಟ್ಟಿ ನೋಡಿ ಎಂದನಂತೆ. ಅಷ್ಟಾದರೂ ಅವರು ನಂಬದಿದ್ದಾಗ, ತಿನ್ನಲಿಕ್ಕೆ ಏನಾದರೂ ಇದೆಯೇ ಎಂದು ಕೇಳಿದನಂತೆ.

"ಕೊಟ್ರಾ?" ಎಂದು ಕೇಳಿದೆ.

"ಕೊಟ್ರು. ಅವರ ಮುಂದ ಕುಂತು ತಿಂದ."

"ಕಸಬರಿಗಿ ತೋರಿಸಲಿಲ್ಲೇನು?"

ವಿರುಪಮ್ಮ ತಟ್ಟೆಯಲ್ಲಿದ್ದ ತನ್ನ ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟಳು. "ತೋರಿಸಿದ್ರೂ ಅವ ಹೋಗ್ತಿದ್ದಿಲ್ಲ ಬಿಡು. ನೀ ತಿನ್ನು" ಎಂದಳು.

ಆ ರೊಟ್ಟಿ ತಿಂದೆ. ಅತ್ತೆ. ಆ ದಿನದಿಂದ ಅವನು ನನ್ನವನಾದ. ನಿಮ್ಮ ಊರಲ್ಲಿ, ಗಂಜಿ ಕೊಟ್ಟು ಜಾತಿ ಕೆಡಿಸಿದರು ಎನ್ನುತ್ತಾರಂತೆ. ಗಂಜಿ ಅಲ್ಲ ಜಂಬಿ. ಲೋಕದಲ್ಲಿ ನನ್ನ ಹಾಗೆಯೇ ಮನೆಗೆ ಮರಳಿ ಬಂದು ತನ್ನವರಿಂದ ದೆವ್ವ ಅನ್ನಿಸಿಕೊಂಡವನು ಇನ್ನೊಬ್ಬನಿದ್ದಾನೆ, ಅವನು ದೇವರು ಎಂದು ತಿಳಿದರೆ ನೀನು ಏನು ಮಾಡುತ್ತಿದ್ದೆ? ದೀಕ್ಷಾಸ್ನಾನದ ದಿನ ಪಾದ್ರಿಗಳು ಹೊಸ ಹೆಸರು ಬೇಕೇ ಎಂದು ಕೇಳಿದರು. ಬೇಡ ಎಂದೆ. ನನ್ನ ಹೆಸರನ್ನು ನಿಮ್ಮವರು ಹೂತಿದ್ದರು. ನಾನು ಎತ್ತಿಕೊಂಡು ಬಂದಿದ್ದೇನೆ.

ಇಷ್ಟಿದ್ದೂ ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಹಸಿದಿದ್ದರೆ ಅವ್ವನ ದನಿ ಕಿವಿಯ ಹತ್ತಿರವೇ ಕೇಳಿಸುತ್ತದೆ. ನಿನ್ನ ಪಾಲಿಂದು ನಿನಗ ಮುಟ್ಟೇತಿ. ಪ್ರಾರ್ಥನೆ ಮಾಡುತ್ತೇನೆ, ಹೋಗುತ್ತದೆ, ಮತ್ತೆ ಬರುತ್ತದೆ. ಅವ್ವನ ಮನೆಯ ಮೂಲೆಯಲ್ಲಿ ನಾನು ನಿಂತಿದ್ದರೆ ನನ್ನ ಮನೆಯ ಮೂಲೆಯಲ್ಲಿ ಅವಳು ನಿಂತಿದ್ದಾಳೆ.

ಆದ್ದರಿಂದ ಅಣ್ಣನಿಗೆ ಹೇಳು. ಅವ್ವ ಒಂದೇ ಒಂದು ಮಾತಿನಲ್ಲಿ ನಾನು ಬದುಕಿದ್ದೇನೆ ಎಂದು ಒಪ್ಪಿದರೆ ಬರಿಗಾಲಲ್ಲಿ ಓಡಿ ಬರುತ್ತೇನೆ. ಸತ್ತವಳಾಗಿ ಬರುವುದಿಲ್ಲ. ಸತ್ತವರಿಗೆ ಇಟ್ಟದ್ದನ್ನು ತಿನ್ನುವುದೂ ಇಲ್ಲ.

ನಿನ್ನ ಮಕ್ಕಳ ಕೆನ್ನೆಗೆ ನನ್ನ ಮುತ್ತು.

ನಿನ್ನ ಅಕ್ಕ,
ಬದುಕಿರುವ ಹೊಳೆಮ್ಮ


ಮೆಟ್ರಿ
ಶುಕ್ರವಾರ

ಅಕ್ಕಗ ಜಂಬಿ ಮಾಡೋ ನಮಸ್ಕಾರ.

ನಾ ಹೇಳಿದ್ದು ಹೇಳಿದಂಗ ಬರೀರಿ ಅಂತ ಇವರಿಗೆ ಆಣಿ ಹಾಕೀನಿ. ಬುಕ್ಕಿನ ಮಾತು ಹಾಕಿದ್ರ ಉಣ್ಣಾಕ ಇಡಾಂಗಿಲ್ಲ ಅಂದೀನಿ.

ಅಕ್ಕಾ, ನಿನ್ನ ಕಾಗದ ಕೇಳಿ ನನಗ ಭಾಳ ಸಂಕಟ ಆತು. ಅವ್ವ ನನ್ನ ಹಿಂದಕ ಎಳಕಂಡಳು ಅಂತ ಬರದೀಯಲ್ಲ, ಅದು ಕೇಳಿದಾಗಿಂದ ನನ್ನ ತೋಳು ಅಲ್ಲೇ ನೋಯ್ತೈತಿ. ನೀ ದೆವ್ವ ಅಲ್ಲ ಅಂತ ನನಗ ಗೊತ್ತೈತಿ. ಅಣ್ಣಗ ಗೊತ್ತೈತಿ, ಊರಿಗೆಲ್ಲ ಗೊತ್ತೈತಿ. ಆದ್ರ ಒಬ್ಬರೂ ಬಾಯಿ ಬಿಟ್ಟು ಹೇಳಾಂಗಿಲ್ಲ. ಹೇಳಿದ್ರ ಅಪ್ಪ ಸುಳ್ಳ ಆಗ್ತಾನ, ಹಿರೇರು ಸುಳ್ಳ ಆಗ್ತಾರ. ಅಪ್ಪ ಸತ್ತು ಹೋದ. ಈಗ ಯಾರ ಬಾಯಿಲಿಂದ ಬರಬೇಕು ಅದು?

ಅವ್ವಗ ಗೊತ್ತೈತೋ ಇಲ್ಲೋ ನಾನೂ ಹೇಳಲಾರೆ. ಕೇಳಿದ್ರ ಮಾರಿ ಗ್ವಾಡಿ ಕಡೆ ತಿರುವ್ತಾಳ. ನೀರು ಬಿಟ್ರ ಏನೂ ಇಳಿಯಂಗಿಲ್ಲ. ಕೈ ಹಿಡದ್ರ ಕಡ್ಡಿ ಹಿಡದಂಗ ಆಗ್ತೈತಿ. ಅಮಾಸಿ ದಾಟ್ತಾಳೋ ಇಲ್ಲೋ.

ನೀ ಸಿಟ್ಟಾಗಬ್ಯಾಡ, ಒಂದು ಕೇಳ್ತೀನಿ. ನಿಮ್ಮ ಯೇಸುಸ್ವಾಮಿಗೆ ಅವರು ತಿನ್ನಾಕ ಕೊಟ್ಟಾಗ, ಮೊದಲು ನಾ ದೆವ್ವ ಅಲ್ಲ ಅನ್ರಿ, ಆಮ್ಯಾಲೆ ತಿಂತೀನಿ ಅಂದನೇನು? ಅವರು ಇನ್ನಾ ನಂಬದಾಗ್ಲೇ ತಿಂದ ಅಂತ ನೀನ ಬರದೀಯಲ್ಲ. ಅವಗ ಆಗಿದ್ದು ನಿನಗ್ಯಾಕ ಆಗಾಂಗಿಲ್ಲ?

ಬಾ ಅಕ್ಕಾ. ಸತ್ತವಳಾಗಿ ಬಾ, ಇದ್ದವಳಾಗಿ ಬಾ. ಹೆಂಗಾರ ಬಾ.

ನಿನ್ನ ತಂಗಿ
ಜಂಬಿ

ಅತ್ತಿಗೆಯವರ ಸನ್ನಿಧಾನಕ್ಕೆ ಓಬಳೇಶನ ವಿಜ್ಞಾಪನೆ: ನಿಮ್ಮ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಕೆಮ್ಮಲಿಲ್ಲ. ಅಮಾವಾಸ್ಯೆಯ ದಿನ ನಸುಕಿನಲ್ಲಿ ಆಸ್ಪತ್ರೆಯ ಗೇಟಿನ ಹತ್ತಿರ ಬಂಡಿ ತರುತ್ತೇನೆ. ನೀವು ಬಾರದಿದ್ದರೆ ಖಾಲಿ ಬಂಡಿ ಹೊಡೆದುಕೊಂಡು ಹೋಗುತ್ತೇನೆ, ನನಗೆ ಬೇಸರವಿಲ್ಲ.


ಹೊಸಪೇಟೆ
ತಾ. 20ನೇ ಅಕ್ಟೋಬರ್ 1923

ಪ್ರೀತಿಯ ಜಂಬಿಗೆ ಅಕ್ಕನ ಆಶೀರ್ವಾದ.

ಅವ್ವ ತೀರಿಕೊಂಡ ಸುದ್ದಿಯನ್ನು ಓಬಳೇಶಪ್ಪ ತಂದು ಮುಟ್ಟಿಸಿದರು. ಹೂತಾದ ಮೇಲೆ ತಂದರು. ಅದರಲ್ಲಿ ಅವರ ತಪ್ಪಿಲ್ಲ. ಸತ್ತವಳು ಸತ್ತವಳ ಮಣ್ಣಿಗೆ ಬರುವ ಪದ್ಧತಿ ಇಲ್ಲವಲ್ಲ. ನಾನು ಇಲ್ಲೇ ನಮ್ಮ ಮಿಶನ್ ಗುಡಿಯಲ್ಲಿ ಮೊಣಕಾಲೂರಿ ಅವಳ ಹೆಸರು ಹೇಳಿದೆ. ಭರಮಮ್ಮ, ಗುಡ್ಡಪ್ಪನ ಹೆಂಡತಿ, ನನ್ನ ತಾಯಿ ಎಂದು ಹೇಳಿದೆ. ಯಾರೂ ತಡೆಯಲಿಲ್ಲ.

ಅಮಾವಾಸ್ಯೆಯ ಸಂಜೆ ಅವಳು ತಾನಾಗಿಯೇ ಗಂಜಿ ಕೇಳಿ ಕುಡಿದಳು, ಮೂಲೆಯ ಕಡೆ ನೋಡಲಿಲ್ಲ, ನಿದ್ದೆ ಮಾಡಿದಳು, ಮೂರನೆಯ ದಿನ ನಿದ್ದೆಯಲ್ಲೇ ಹೋದಳು ಎಂದು ಕೇಳಿ ಸಮಾಧಾನವಾಯಿತು. ನೀನು ಕೇಳಿ ಕಳಿಸಿದ್ದು ಒಂದೇ ಮಾತು: ನೀವೆಲ್ಲ ಬೆನ್ನು ತಿರುಗಿಸಿ ನಿಂತಿದ್ದಾಗ ಎಡೆಯ ಹತ್ತಿರ ಏನು ನಡೆಯಿತು? ಅಣ್ಣನೂ ಅದನ್ನೇ ಕೇಳುತ್ತಿದ್ದಾನಂತೆ, ಹಿರಿಯರ ಮುಂದೆ ಈ ಕಾಗದ ಓದಿಸಬೇಕೆನ್ನುತ್ತಾನಂತೆ. ಓದಿಸಲಿ.

ಬಂಡಿ ಬರುವ ತನಕ ನಾನು ಬರುವುದಿಲ್ಲ ಎಂದೇ ಇದ್ದೆ. ಪಾದ್ರಿಗಳನ್ನು ಕೇಳಲಿಲ್ಲ. ಬೇಡ ಎನ್ನುತ್ತಾರೆಂದು ಗೊತ್ತಿತ್ತು. ವಿರುಪಮ್ಮನನ್ನು ಕೇಳಿದೆ. ಅವಳೀಗ ಹಣ್ಣು ಮುದುಕಿ. "ಹಸದಾಕಿ ನಿನ್ನ ಅವ್ವ. ಆಕಿಗೆ ಉಣಿಸಾಕ ಹೊಂಟೀದಿ, ಹೋಗು" ಎಂದಳು. ನಾನು ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ.

ಹೊಲದ ತುದಿಯಲ್ಲಿ ಬಂಡಿ ಇಳಿದು ಬದುವಿನ ಮೇಲೆ ನಡೆದೆ. ನೀವೆಲ್ಲ ಆ ಕಡೆ ತಿರುಗಿ ನಿಂತಿದ್ದಿರಿ. ಸತ್ತವರು ಉಣ್ಣುವುದನ್ನು ನೋಡಬಾರದು, ಸರಿ. ಆದರೂ ಅಷ್ಟೊಂದು ಬೆನ್ನುಗಳ ಕಡೆ ನಡೆದು ಬರುವುದು ಎಂಥದ್ದು ಎಂದು ನಿಮಗೆ ಗೊತ್ತಿಲ್ಲ. ಅಣ್ಣನ ಕತ್ತಿನ ಮೇಲಿನ ಮಚ್ಚೆ ಕಂಡೆ. ನಿನ್ನ ಬೆನ್ನು ಅಲುಗುತ್ತಿತ್ತು, ನೀನು ಅಳುತ್ತಿದ್ದೆ. ಗಾಳಿ ಇರಲಿಲ್ಲ. ಒಂದು ಹಕ್ಕಿಯೂ ಕೂಗಲಿಲ್ಲ.

ನನ್ನ ಮಣ್ಣನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣದು ಜಂಬಿ! ಕೂಸಿನ ಗುಂಡಿಯಷ್ಟಿದೆ. ಹಿಟ್ಟಿನ ಗೊಂಬೆಗೆ ಎಷ್ಟು ಜಾಗ ಬೇಕು. ತಲೆಯ ಕಡೆ ಕಲ್ಲು ನಿಲ್ಲಿಸಿದ್ದೀರಿ. ಅದಕ್ಕೆ ಸುಣ್ಣ ಬಳಿದಿತ್ತು, ಹೊಸ ಸುಣ್ಣ. ಅದರ ಪಕ್ಕ ನಿಂತಾಗ ಕಾಲ ಕೆಳಗೆ ನೋಡಿಕೊಂಡೆ. ನಡು ಮಧ್ಯಾಹ್ನ, ನೆರಳು ಇರಲಿಲ್ಲ. ನಾನು ಇಷ್ಟು ದಿನ ಬದುಕಿದ್ದೆಲ್ಲ, ಆಸ್ಪತ್ರೆ, ವಿರುಪಮ್ಮನ ರೊಟ್ಟಿ, ಪ್ರಾರ್ಥನೆ, ಎಲ್ಲವೂ ಈ ಕಲ್ಲಿನ ಕೆಳಗೆ ಮಲಗಿ ಕಂಡ ಕನಸು ಎನ್ನಿಸಿಬಿಟ್ಟಿತು. ಸ್ವಾಮೀ, ನೀನೂ ಹೀಗೆ ನಿಂತಿದ್ದೆಯಲ್ಲ, ನನ್ನ ಕೈ ಹಿಡಿ ಎಂದೆ. ಹಿಡಿದ. ಇದನ್ನು ಹಿರಿಯರು ನಂಬಬೇಕಾಗಿಲ್ಲ.

ಅವ್ವನನ್ನು ಕಂಬಳಿಯ ಮೇಲೆ ಕೂರಿಸಿ, ತಿರುಗಿ ಕೂರುವ ತ್ರಾಣವಿಲ್ಲವೆಂದು ತಲೆಯಿಂದ ಎದೆಯ ತನಕ ಸೆರಗು ಮುಚ್ಚಿದ್ದಿರಿ. ಅವಳ ಕೈ ಮಾತ್ರ ಕಾಣುತ್ತಿತ್ತು. ಆ ಕೈ ಎಲೆಯನ್ನು ನನ್ನ ಕಡೆ ಸರಿಸಿತು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹೋಳಿಗೆ, ಕಂಪ್ಲಿಯಿಂದ ತರಿಸಿದ ಹೊಳೆಮೀನಿನ ಸಾರು. ಚಿಕ್ಕವಳಿದ್ದಾಗ ಮೀನಿನ ಸಾರಿಗೆ ನಾನು ಪ್ರಾಣ ಬಿಡುತ್ತಿದ್ದೆ. ತಲೆ ಬಗ್ಗಿಸಿ ನನ್ನ ಸ್ವಾಮಿಗೆ ವಂದನೆ ಹೇಳಿ, ಉಂಡೆ. ನಾನು ಒಂದು ಮಾತೂ ಆಡಲಿಲ್ಲ. ಅವ್ವನೂ ಸೆರಗು ಸರಿಸಲಿಲ್ಲ, ನನ್ನ ಕಡೆ ನೋಡಲಿಲ್ಲ, ಮಾತನಾಡಲಿಲ್ಲ. ಉಂಡು ಎದ್ದು ಬಂದೆ.

ಉಜ್ಜಿನಪ್ಪಣ್ಣ, ನೀನು ಹೇಳಿದ ಹಾಗೆಯೇ ನಡೆದಿದೆ. ಮೆಟ್ರಿಯ ಹಿರಿಯರೇ, ಗುಡ್ಡಪ್ಪನ ಮಗಳು ತನ್ನ ಪಾಲನ್ನು ಉಂಡು ಹೋಗಿದ್ದಾಳೆ. ಇನ್ನು ಆ ಮನೆಯಲ್ಲಿ ಯಾರ ಎದೆಯ ಮೇಲೂ ಕೂರುವುದಿಲ್ಲ. ಎರ್ರೆಮ್ಮನಿಗೂ ಹೇಳಿ, ಅವಳ ಕಣ್ಣು ತಂಪಾಗಿರಲಿ.

ಜಂಬಿ, ಸಂತೆಗೆ ಬಂದರೆ ಆಸ್ಪತ್ರೆಯ ಹಿಂದಿನ ಮನೆಗೆ ಬಾ. ನನ್ನ ಕೈಯ ಅಡಿಗೆ ಉಂಡು ಹೋಗು. ಅದಕ್ಕೆ ಯಾವ ಅಮಾವಾಸ್ಯೆಯೂ ಬೇಡ.

ನಿನ್ನ ಅಕ್ಕ
ಹೊಳೆಮ್ಮ

ಪುನಶ್ಚ: ಓಬಳೇಶಪ್ಪನವರೇ, ಹಿರಿಯರ ಮುಂದೆ ಓದುವಾಗ ಇಲ್ಲಿಗೆ ಕೆಮ್ಮಿ ಕಾಗದ ಮಡಚಿ. ಇದು ಜಂಬಿಗೆ ಮಾತ್ರ.

ಜಂಬಿ, ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅವ್ವನ ಮರ್ಯಾದೆಗಾಗಿ. ಅವಳು ಮಾತನಾಡಿದಳು. ನಾನು ರೊಟ್ಟಿ ಮುರಿದು ಸಾರಿಗೆ ಕೈ ಹಾಕಿದಾಗ ಸೆರಗಿನ ಒಳಗಿನಿಂದ, ನಿಮಗೆ ಯಾರಿಗೂ ಕೇಳಿಸದ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು. ಅಂಥ ಮಾತನ್ನು ಸತ್ತವರಿಗೆ ಯಾರೂ ಹೇಳುವುದಿಲ್ಲ. ಇಷ್ಟೇ ಹೇಳಿದ್ದು:

"ಮುಳ್ಳು ಭಾಳ ಅದಾವ. ನೋಡ್ಕಂಡು ತಿನ್ನವ್ವ, ಗಂಟಲಿಗೆ ಸಿಕ್ಕೀತು."